ಅಡವಿಟ್ಟ ಊರು ವರೋಶಾ

ನಮ್ಮ ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತೊಂದಿದೆ. ನಕ್ಷೆ ಇರುತ್ತದೆ, ಸರ್ವೆ ನಂಬರುಗಳಿರುತ್ತವೆ, ಪಹಣಿ ಇರುತ್ತದೆ, ಊರಲ್ಲಿ ಜನ ಮಾತ್ರ ಇರುವುದಿಲ್ಲ. ಪರ್ಷಿಯನ್ನಿನ ‘ಬೇ-ಚಿರಾಗ್’ ನಮ್ಮ ಶ್ಯಾನುಭೋಗರ ಬಾಯಲ್ಲಿ ಬೇಚರಾಕ್ ಆಗಿದೆ. ಅರ್ಥ, ದೀಪವಿಲ್ಲದ್ದು. ಸಂಜೆಯಾದರೆ ಒಂದು ಮನೆಯಲ್ಲೂ ದೀಪ ಹಚ್ಚುವವರಿಲ್ಲದ ಊರು.

ಮೆಡಿಟರೇನಿಯನ್ ಸಮುದ್ರದ ಪೂರ್ವ ತುದಿಯಲ್ಲಿರುವ ಸೈಪ್ರಸ್ ದ್ವೀಪದಲ್ಲಿ ವರೋಶಾ ಎಂಬ ಜಾಗವಿದೆ. ಅದೂ ಬೇಚರಾಕ್. ಆದರೆ ಅದನ್ನು ನೋಡಿದರೆ ಹಾಳೂರಿನ ಚಿತ್ರ ನಮ್ಮ ಮನಸ್ಸಿಗೆ ಬರುವುದೇ ಇಲ್ಲ. ಬಿಳಿ ಮರಳಿನ ದಂಡೆ, ತಿಳಿನೀಲಿ ನೀರು, ದಂಡೆಯುದ್ದಕ್ಕೂ ಒಂದರ ಪಕ್ಕ ಒಂದು ಹತ್ತು-ಹನ್ನೆರಡು ಅಂತಸ್ತಿನ ಹೋಟೆಲುಗಳು. ದೂರದಿಂದ ನೋಡಿದವರಿಗೆ ಜನ ತುಂಬಿದ ಪ್ರವಾಸಿ ಪಟ್ಟಣದ ಹಾಗೆಯೇ ಕಾಣುತ್ತದೆ. ಹತ್ತಿರ ಹೋದರೆ ಒಂದು ಕಿಟಕಿಗೂ ಗಾಜಿಲ್ಲ, ಬಾಲ್ಕನಿಗಳು ಮುರಿದು ನೇತಾಡುತ್ತಿವೆ, ಮಹಡಿಯಿಂದ ಮಹಡಿಗೆ ಪಾರಿವಾಳಗಳು ಹಾರುತ್ತಿವೆ. 1974ರ ಆಗಸ್ಟ್ ತಿಂಗಳಲ್ಲಿ ಜನ ಓಡಿಹೋದ ಮೇಲೆ ಸುಮಾರು 6 ಚದರ ಕಿಲೋಮೀಟರಿನ ಈ ಪಟ್ಟಣಕ್ಕೆ ಟರ್ಕಿಯ ಸೇನೆ ತಂತಿಬೇಲಿ ಹಾಕಿತು. 50 ವರ್ಷ ದಾಟಿದರೂ ಆ ಬೇಲಿ ಪೂರ್ತಿ ಎದ್ದಿಲ್ಲ.

ಯುದ್ಧದಲ್ಲಿ ಊರು ಬಿಡುವುದು ಹೊಸದಲ್ಲ. ವರೋಶಾದ ವಿಚಿತ್ರ ಬೇರೆಯೇ ಇದೆ. ಆ ಯುದ್ಧದಲ್ಲಿ ಟರ್ಕಿಯ ಸೇನೆ ದ್ವೀಪದ ಶೇಕಡಾ 36ರಷ್ಟು ನೆಲವನ್ನು ಹಿಡಿಯಿತು. ಕೈರೇನಿಯಾ, ಮೋರ್ಫು, ನೂರಾರು ಹಳ್ಳಿಗಳು. ಅಲ್ಲಿದ್ದ ಗ್ರೀಕ್ ಸೈಪ್ರಿಯಟ್ಟರು ಓಡಿಹೋದರು. ಖಾಲಿಯಾದ ಮನೆಗಳಿಗೆ ದಕ್ಷಿಣದಿಂದ ಬಂದ ಟರ್ಕಿಶ್ ಸೈಪ್ರಿಯಟ್ಟರನ್ನೂ ಟರ್ಕಿಯಿಂದ ಕರೆತಂದವರನ್ನೂ ತುಂಬಿಸಲಾಯಿತು. ಹಾಗಿರುವಾಗ ದ್ವೀಪದಲ್ಲೇ ಅತಿ ಹೆಚ್ಚು ಬೆಲೆಬಾಳುವ ಈ ಕಡಲತೀರದ ಪಟ್ಟಣವನ್ನು ಮಾತ್ರ ಯಾರಿಗೂ ಕೊಡದೆ ಖಾಲಿ ಇಟ್ಟುಕೊಂಡದ್ದು ಏಕೆ? ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ಸೈಪ್ರಸ್ಸಿನ ಜಗಳದ ಗಂಟು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ.

ಹೆಸರಿನಿಂದಲೇ ಶುರು ಮಾಡೋಣ. ‘ವರೋಶ್’ ಎಂದರೆ ಟರ್ಕಿಶ್ ಭಾಷೆಯಲ್ಲಿ ಹೊರಪೇಟೆ, ಕೋಟೆಯ ಆಚೆಯ ಕೇರಿ. ಪಕ್ಕದ ಕೋಟೆ ಫಾಮಗುಸ್ತಾ. ಗ್ರೀಕರು ಅದನ್ನು ಅಮ್ಮೋಖೋಸ್ತೋಸ್ ಎನ್ನುತ್ತಾರೆ, ‘ಮರಳಲ್ಲಿ ಹುದುಗಿದ್ದು’ ಎಂದು ಅರ್ಥ. 1571ರಲ್ಲಿ ಆಟೊಮನ್ನರು ವೆನಿಸಿನವರಿಂದ ಈ ಕೋಟೆಯನ್ನು ಗೆದ್ದ ಮೇಲೆ ಕ್ರೈಸ್ತರು ಗೋಡೆಯ ಹೊರಗೆ ಹೋಗಿ ನೆಲೆಸಬೇಕಾಯಿತು. ಒಳಗೆ ಮುಸ್ಲಿಮರು, ಹೊರಗೆ ಕಿತ್ತಳೆ ತೋಟಗಳ ನಡುವೆ ಕ್ರೈಸ್ತರು. ಹೊರಗೆ ಹಾಕಿಸಿಕೊಂಡವರ ಕೇರಿಯೇ ಮುಂದೆ ಶ್ರೀಮಂತ ಪಟ್ಟಣವಾಯಿತು. ಒಳಗಿನ ಕೋಟೆ ಬಡವಾಯಿತು. ಹೀಗೆ ಗೋಡೆಯ ಆಚೆ ಈಚೆ ಬೇರೆಬೇರೆ ಬದುಕು ಬೆಳೆದದ್ದು 1974ಕ್ಕಿಂತ 400 ವರ್ಷ ಹಿಂದೆ. ಆದರೆ ಆಗ ಗೋಡೆಗೆ ಬಾಗಿಲುಗಳಿದ್ದವು. ಬೆಳಗ್ಗೆ ತರಕಾರಿ ಮಾರುವವನು ಒಳಗೆ ಹೋಗುತ್ತಿದ್ದ, ಬಂದರಿನ ಕೂಲಿ ಹೊರಗೆ ಬರುತ್ತಿದ್ದ.

1960ರ ದಶಕದ ಕೊನೆಗೆ ವರೋಶಾ ಹೋಟೆಲುಗಳ ಊರಾಯಿತು. ಜಾನ್ ಎಫ್. ಕೆನೆಡಿ ಅವೆನ್ಯೂ ಎಂಬ ರಸ್ತೆ ದಂಡೆಗೆ ಸಮಾನಾಂತರವಾಗಿ ಓಡುತ್ತಿತ್ತು, ಅದರ ಮೇಲೆ ಕಿಂಗ್ ಜಾರ್ಜ್, ಆಸ್ಟೆರಿಯಾಸ್, ಗ್ರೀಷಿಯನ್, ಫ್ಲಾರಿಡಾ, ಆರ್ಗೊ ಹೀಗೆ ಸಾಲು ಹೋಟೆಲುಗಳು. ಹಾಲಿವುಡ್ಡಿನ ಎಲಿಜಬೆತ್ ಟೇಲರ್, ರಿಚರ್ಡ್ ಬರ್ಟನ್ ಬಂದು ಇಳಿಯುತ್ತಿದ್ದ ಊರದು. ಪಕ್ಕದ ಬಂದರು ಇಡೀ ದ್ವೀಪದ ಮುಖ್ಯ ಬಂದರು. ಕಿತ್ತಳೆ ಹಣ್ಣು ಹಡಗು ಹತ್ತುತ್ತಿದ್ದದ್ದೂ ಅಲ್ಲಿಂದಲೇ. ವರ್ಷಕ್ಕೊಮ್ಮೆ ಕಿತ್ತಳೆ ಹಬ್ಬ. ಊರಿನ ಜನಸಂಖ್ಯೆ ಸುಮಾರು 40,000.

ಇನ್ನು ಜಗಳಕ್ಕೆ ಬರೋಣ. ಇದನ್ನು ಎರಡು ಶಬ್ದಗಳಲ್ಲಿ ಹಿಡಿಯಬಹುದು. ಗ್ರೀಕ್ ಸೈಪ್ರಿಯಟ್ಟರ ಬಾಯಲ್ಲಿದ್ದದ್ದು ‘ಎನೋಸಿಸ್’, ಅಂದರೆ ಗ್ರೀಸಿನೊಂದಿಗೆ ಒಂದಾಗುವುದು. ಟರ್ಕಿಶ್ ಸೈಪ್ರಿಯಟ್ಟರ ಬಾಯಲ್ಲಿದ್ದದ್ದು ‘ತಕ್ಸೀಮ್’. ಉರ್ದು ಬಲ್ಲವರಿಗೆ ಈ ಶಬ್ದ ಗೊತ್ತು, ಪಾಲು ಮಾಡುವುದು. ದ್ವೀಪವನ್ನು ಆಳುತ್ತಿದ್ದ ಬ್ರಿಟಿಷರು 1960ರಲ್ಲಿ ಹೊರಟಾಗ ಎರಡನ್ನೂ ನಿಷೇಧಿಸಿ, ಇಬ್ಬರೂ ಸೇರಿ ಆಳುವ ಗಣರಾಜ್ಯವನ್ನು ಕಟ್ಟಿಕೊಟ್ಟರು. ಅಧ್ಯಕ್ಷ ಗ್ರೀಕ್, ಉಪಾಧ್ಯಕ್ಷ ಟರ್ಕಿಶ್, ಇಬ್ಬರಿಗೂ ಕಾನೂನು ತಡೆಯುವ ಅಧಿಕಾರ. ಸರ್ಕಾರಿ ನೌಕರಿಯಲ್ಲಿ 70ಕ್ಕೆ 30ರ ಪಾಲು. ಟರ್ಕಿಶ್ ಸೈಪ್ರಿಯಟ್ಟರು ಜನಸಂಖ್ಯೆಯಲ್ಲಿ ಶೇಕಡಾ 18ರ ಆಸುಪಾಸು ಇದ್ದರು, ಆದ್ದರಿಂದ ಈ ಪಾಲು ಹೆಚ್ಚಾಯಿತೆಂದು ಗ್ರೀಕರಿಗೆ ಸಿಟ್ಟು. ಇದಾದರೂ ಇಲ್ಲದಿದ್ದರೆ ನಮ್ಮನ್ನು ನುಂಗಿಬಿಡುತ್ತಾರೆ ಎಂದು ಟರ್ಕಿಶರಿಗೆ ಭಯ. ಮೇಲಿಂದ ಬ್ರಿಟನ್, ಗ್ರೀಸ್, ಟರ್ಕಿ ಮೂರೂ ದೇಶಗಳು ಈ ವ್ಯವಸ್ಥೆಗೆ ಜಾಮೀನುದಾರರು. ವ್ಯವಸ್ಥೆ ಮುರಿದರೆ ಕ್ರಮ ಕೈಗೊಳ್ಳುವ ಹಕ್ಕು ಅವರಿಗೆ ಒಪ್ಪಂದದಲ್ಲೇ ಇತ್ತು. ಈ ಜಾಮೀನು ಮುಂದೆ ಏನು ಮಾಡಿತು ಎಂಬುದನ್ನು ನೋಡುತ್ತೀರಿ.

ಗಣರಾಜ್ಯಕ್ಕೆ ಮೂರು ವರ್ಷ ತುಂಬಿತು, ಅಷ್ಟೆ. ಅಧ್ಯಕ್ಷರಾಗಿದ್ದ ಆರ್ಚ್‌ಬಿಷಪ್ ಮಕಾರಿಯೋಸ್, ಟರ್ಕಿಶರಿಗೆ ಸಿಕ್ಕಿದ್ದ ಹಕ್ಕುಗಳನ್ನು ತಗ್ಗಿಸುವ 13 ತಿದ್ದುಪಡಿಗಳನ್ನು ಸಂವಿಧಾನಕ್ಕೆ ಮುಂದಿಟ್ಟರು. 1963ರ ಡಿಸೆಂಬರಿನಲ್ಲಿ ರಕ್ತ ಹರಿಯಿತು. ಆ ವರ್ಷದ ಕೊನೆಯಲ್ಲಿ ಒಬ್ಬ ಬ್ರಿಟಿಷ್ ಸೇನಾಧಿಕಾರಿ ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಗೆರೆ ಎಳೆದ. ಹಸಿರು ಗೆರೆ ಎಂಬ ಹೆಸರು ಹುಟ್ಟಿದ್ದು ಆಗ. ಸುಮಾರು 25,000 ಟರ್ಕಿಶ್ ಸೈಪ್ರಿಯಟ್ಟರು ತಮ್ಮ ಹಳ್ಳಿಗಳನ್ನು ಬಿಟ್ಟು, ಕಾವಲಿನ ಕೇರಿಗಳಲ್ಲಿ ಗುಂಪುಗೂಡಿ ಬದುಕತೊಡಗಿದರು. ವರೋಶಾದ ಕತೆ ಹೇಳುವ ಬಹಳಷ್ಟು ಜನ 1974ರಿಂದ ಶುರುಮಾಡುತ್ತಾರೆ. ಅಲ್ಲಿಂದ ಶುರುಮಾಡಿದರೆ ಈ 25,000 ಜನ ಕಾಣಿಸುವುದೇ ಇಲ್ಲ. ಅವರನ್ನು ಬಿಟ್ಟು ಈ ಕತೆ ಹೇಳುವುದು ನ್ಯಾಯವಲ್ಲ ಎಂದು ನನಗನ್ನಿಸುತ್ತದೆ.

1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆ ತನ್ನ ಶಾಂತಿಪಾಲನಾ ಪಡೆಯನ್ನು ಅಲ್ಲಿಗೆ ಕಳಿಸಿತು. ಅದರ ದಂಡನಾಯಕತ್ವದಲ್ಲಿ ಭಾರತದ್ದೂ ಕನ್ನಡನಾಡಿನದ್ದೂ ಪಾಲಿದೆ. ಮೊದಲ ದಂಡನಾಯಕ ಜನರಲ್ ಪಿ.ಎಸ್. ಗ್ಯಾನಿ. ಅವರ ನಂತರ ಅದೇ ವರ್ಷ ಆ ಹೊಣೆ ಹೊತ್ತವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ. ಭಾರತೀಯ ಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದವರು, ಎರಡು ಕೇರಿಗಳ ನಡುವೆ ಓಡಾಡುತ್ತ ಗುಂಡಿನ ಸದ್ದು ತಗ್ಗಿಸುವ ಕೆಲಸಕ್ಕೆ ಒಪ್ಪಿ ಹೋದರು. 1965ರ ಡಿಸೆಂಬರ್ 18ರಂದು ಕೆಲಸದಲ್ಲಿದ್ದಾಗಲೇ ಅಲ್ಲಿ ತೀರಿಕೊಂಡರು. ಸೈಪ್ರಸ್ ಸರ್ಕಾರ ಮರುವರ್ಷ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ. ಅಲ್ಲಿಗೆ ಹೋಗಿಬರುವ ನಮ್ಮ ಮಕ್ಕಳಿಗೆ ಕಾಶ್ಮೀರದ ಜೊಜಿಲಾ ಕಣಿವೆಯ ಕತೆ ಹೇಳುವವರಿದ್ದಾರೆ, ಸೈಪ್ರಸ್ಸಿನ ಕತೆಯನ್ನೂ ಯಾರಾದರೂ ಹೇಳಬೇಕು. ಹತ್ತು ವರ್ಷದ ನಂತರ ದ್ವೀಪಕ್ಕೆ ಬೆಂಕಿ ಬಿದ್ದಾಗಲೂ ಆ ಪಡೆಯ ಮುಖ್ಯಸ್ಥರಾಗಿದ್ದವರು ಭಾರತೀಯರೇ, ಜನರಲ್ ಪ್ರೇಮ್ ಚಂದ್.

ಆ ಬೆಂಕಿ ಹೊತ್ತಿಸಿದ್ದು ಅಥೆನ್ಸಿನಲ್ಲಿದ್ದ ಸೈನಿಕ ಸರ್ಕಾರ. 1974ರ ಜುಲೈ 15ರಂದು ಅದರ ಕುಮ್ಮಕ್ಕಿನಿಂದ ಮಕಾರಿಯೋಸ್ ವಿರುದ್ಧ ದಂಗೆ ನಡೆದು, ಎನೋಸಿಸ್ ಬೇಕೆನ್ನುವ ನಿಕೋಸ್ ಸ್ಯಾಂಪ್ಸನ್ ಕುರ್ಚಿ ಏರಿದ. ಐದು ದಿನಕ್ಕೆ, ಜುಲೈ 20ರಂದು, ಜಾಮೀನುದಾರನ ಹಕ್ಕು ಎಂದು ಹೇಳಿ ಟರ್ಕಿಯ ಸೇನೆ ಉತ್ತರ ತೀರದಲ್ಲಿ ಇಳಿಯಿತು. ಜುಲೈ 23ರ ಹೊತ್ತಿಗೆ ಸ್ಯಾಂಪ್ಸನ್ ಬಿದ್ದ, ಅಥೆನ್ಸಿನ ಸೈನಿಕ ಸರ್ಕಾರವೂ ಬಿತ್ತು. ಜಾಮೀನಿನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಜಿನೀವಾದಲ್ಲಿ ಮಾತುಕತೆ ಮುರಿದ ಕೂಡಲೇ, ಆಗಸ್ಟ್ 14ರ ಮುಂಜಾನೆ ಎರಡನೇ ದಾಳಿ ಶುರುವಾಯಿತು. ವರೋಶಾದ ಹಣೆಬರಹ ಬರೆದದ್ದು ಈ ಎರಡನೇ ದಾಳಿ.

ಅಷ್ಟು ಹೊತ್ತಿಗೆ ಫಾಮಗುಸ್ತಾ ಕೋಟೆಯೊಳಗೆ ಸಾವಿರಾರು ಟರ್ಕಿಶ್ ಸೈಪ್ರಿಯಟ್ಟರು ಸುಮಾರು ನಾಲ್ಕು ವಾರದಿಂದ ಮುತ್ತಿಗೆಯಲ್ಲಿದ್ದರು. ಟರ್ಕಿಯ ಟ್ಯಾಂಕುಗಳು ಅವರತ್ತ ಹೊರಟವು. ಆಕಾಶದಿಂದ ಬಾಂಬು ಬೀಳುತ್ತಿತ್ತು. ವರೋಶಾದ ಜನ ಕಾರು, ಟ್ರ್ಯಾಕ್ಟರು, ಲಾರಿ ಏನು ಸಿಕ್ಕಿತೋ ಅದನ್ನು ಹತ್ತಿ ದಕ್ಷಿಣಕ್ಕೆ ಹೊರಟರು. ಡೆರಿನಿಯಾ, ಪರಲಿಮ್ನಿ, ಡೆಕೇಲಿಯಾದ ಬ್ರಿಟಿಷ್ ನೆಲೆ. ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಜೇಬಿಗೆ ಹಾಕಿಕೊಂಡರು. ಎರಡು-ಮೂರು ದಿನದ ಮಾತು ಎಂದುಕೊಂಡಿದ್ದರು. ಉಟ್ಟ ಬಟ್ಟೆಯಲ್ಲಿ ಹೊರಟವರೇ ಹೆಚ್ಚು. ಫೋಟೊ ಆಲ್ಬಮ್ಮನ್ನೂ ತರಲಿಲ್ಲವಲ್ಲ ಎಂಬ ಕೊರಗು ಆ ತಲೆಮಾರಿನವರ ಮಾತಿನಲ್ಲಿ ಮತ್ತೆಮತ್ತೆ ಬರುತ್ತದೆ. ನಾವು ಮದುವೆ ಫೋಟೊ, ಅಜ್ಜನ ಫೋಟೊ ಗೋಡೆಗೆ ಹಾಕಿಕೊಂಡು ಬದುಕುವವರು. ಒಂದು ಇಡೀ ಊರಿನ ಬಳಿ ತಮ್ಮ ಬಾಲ್ಯದ ಚಿತ್ರವೇ ಇಲ್ಲದಿರುವುದು ಎಂಥ ನಷ್ಟ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅದೇ ಆಗಸ್ಟ್ 14ರಂದು, ಅದೇ ಫಾಮಗುಸ್ತಾ ಜಿಲ್ಲೆಯ ಮರಾಥಾ, ಸಂದಲ್ಲಾರಿಸ್, ಅಲೋದಾ ಎಂಬ ಮೂರು ಹಳ್ಳಿಗಳಲ್ಲಿ ಗ್ರೀಕ್ ಸೈಪ್ರಿಯಟ್ ಬಂದೂಕುಧಾರಿಗಳು 126 ಟರ್ಕಿಶ್ ಸೈಪ್ರಿಯಟ್ಟರನ್ನು ಕೊಂದು ಹೂತರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಎರಡೂ ಕಡೆ ಸೇರಿ ಕಾಣೆಯಾದವರ ಅಧಿಕೃತ ಪಟ್ಟಿಯಲ್ಲಿ 2002 ಹೆಸರುಗಳಿವೆ, ಅದರಲ್ಲಿ 1510 ಗ್ರೀಕ್ ಸೈಪ್ರಿಯಟ್ಟರು, 492 ಟರ್ಕಿಶ್ ಸೈಪ್ರಿಯಟ್ಟರು. ಇಬ್ಬರ ವಿಜ್ಞಾನಿಗಳೂ ಒಟ್ಟಿಗೆ ಕೂತು ಮೂಳೆ ಹುಡುಕುವ, ಗುರುತು ಹಚ್ಚುವ ಕೆಲಸ ಇವತ್ತಿಗೂ ನಡೆದಿದೆ.

ಇನ್ನು ಆ ಮೊದಲಿನ ಪ್ರಶ್ನೆ. ಖಾಲಿ ಇಟ್ಟದ್ದು ಏಕೆ?

ಅಡವು ಎಂಬುದು ನಮಗೆ ಚೆನ್ನಾಗಿ ಗೊತ್ತಿರುವ ವ್ಯವಹಾರ. ಅಡವು ಇಟ್ಟುಕೊಂಡ ಒಡವೆಯನ್ನು ಸಾಹುಕಾರ ತನ್ನ ಹೆಂಡತಿಯ ಕೊರಳಿಗೆ ಹಾಕುವುದಿಲ್ಲ, ಕರಗಿಸುವುದೂ ಇಲ್ಲ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾನೆ. ಅದರ ಬೆಲೆ ಇರುವುದೇ ಅದು ಬೇರೆಯವರದ್ದು, ಅವರಿಗೆ ಅದು ಬೇಕು ಎಂಬುದರಲ್ಲಿ. ವರೋಶಾ ಅಂಥ ಒಡವೆ. ಅಲ್ಲಿ ಬೇರೆ ಜನರನ್ನು ತುಂಬಿಸಿದ್ದರೆ ಆ ಪಟ್ಟಣ ಹತ್ತರಲ್ಲಿ ಹನ್ನೊಂದು ಆಗುತ್ತಿತ್ತು. ಖಾಲಿ ಇಟ್ಟರೆ ಮಾತುಕತೆಯ ಮೇಜಿನ ಮೇಲೆ ಇಡಬಹುದು. ‘ನಾವು ಇದನ್ನು ಬಿಟ್ಟುಕೊಡುತ್ತೇವೆ, ನೀವು ಏನು ಕೊಡುತ್ತೀರಿ?’ ಎನ್ನಬಹುದು. ಒಬ್ಬನನ್ನೂ ಎಬ್ಬಿಸದೆ ಹಿಂತಿರುಗಿಸಬಹುದಾದ ಜಾಗ ಉತ್ತರದಲ್ಲಿ ಇದೊಂದೇ.

ಮಾತುಕತೆಗಳ ಇತಿಹಾಸ ನೋಡಿದರೆ ಈ ಒಡವೆ ಎಷ್ಟು ಸಲ ಮೇಜಿನ ಮೇಲೆ ಬಂದು ಮತ್ತೆ ಪೆಟ್ಟಿಗೆ ಸೇರಿದೆ ಎಂದು ತಿಳಿಯುತ್ತದೆ. 1979ರ ಮೇ 19ರಂದು ಎರಡೂ ಕಡೆಯ ನಾಯಕರಾದ ಕಿಪ್ರಿಯಾನು ಮತ್ತು ಡೆಂಕ್ಟಾಶ್ ಹತ್ತು ಅಂಶಗಳ ಒಪ್ಪಂದ ಮಾಡಿಕೊಂಡರು. ವರೋಶಾದ ಮರುವಸತಿಗೆ ಮೊದಲ ಆದ್ಯತೆ ಎಂದು ಅದರಲ್ಲಿ ಬರೆದಿದೆ. ಆಗ ಕಟ್ಟಡಗಳಿಗೆ ಬೀಗ ಬಿದ್ದು ಬರೀ ಐದು ವರ್ಷ, ಸುಣ್ಣ ಬಳಿದು ವಾಸಕ್ಕೆ ಹೋಗಬಹುದಿತ್ತು. 1993ರಲ್ಲಿ ವಿಶ್ವಸಂಸ್ಥೆ ಇನ್ನೊಂದು ಲೆಕ್ಕ ಮುಂದಿಟ್ಟಿತು. ವರೋಶಾ ಬಿಟ್ಟುಕೊಡಿ, ಬದಲಿಗೆ ತಟಸ್ಥ ವಲಯದಲ್ಲಿ ಪಾಳುಬಿದ್ದಿರುವ ನಿಕೋಸಿಯಾ ವಿಮಾನ ನಿಲ್ದಾಣವನ್ನು ಇಬ್ಬರೂ ಬಳಸಿಕೊಳ್ಳಿ ಎಂದು. ಅದೂ ಆಗಲಿಲ್ಲ. ಆ ವಿಮಾನ ನಿಲ್ದಾಣದಲ್ಲಿ ಸೈಪ್ರಸ್ ಏರ್‌ವೇಸಿನ ಟ್ರೈಡೆಂಟ್ ವಿಮಾನವೊಂದು 1974ರಿಂದ ಇವತ್ತಿನವರೆಗೂ ನಿಂತಲ್ಲೇ ನಿಂತಿದೆ.

ತೀರಾ ಹತ್ತಿರ ಬಂದದ್ದು 2004ರ ಏಪ್ರಿಲ್ 24ರಂದು. ದ್ವೀಪವನ್ನು ಮತ್ತೆ ಒಂದು ಮಾಡಲು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮುಂದಿಟ್ಟ ಯೋಜನೆಯ ಮೇಲೆ ಎರಡೂ ಕಡೆ ಒಂದೇ ದಿನ ಜನಮತ ನಡೆಯಿತು. ಯೋಜನೆ ಗೆದ್ದಿದ್ದರೆ ವರೋಶಾ ಕೆಲವೇ ತಿಂಗಳಲ್ಲಿ ಹಿಂತಿರುಗುತ್ತಿತ್ತು. ಟರ್ಕಿಶ್ ಸೈಪ್ರಿಯಟ್ಟರಲ್ಲಿ ಶೇಕಡಾ 65ರಷ್ಟು ಜನ ಹೌದು ಎಂದರು. ಗ್ರೀಕ್ ಸೈಪ್ರಿಯಟ್ಟರಲ್ಲಿ ಶೇಕಡಾ 76ರಷ್ಟು ಜನ ಬೇಡ ಎಂದರು. ಅವರಿಗೂ ಕಾರಣಗಳಿದ್ದವು. ಟರ್ಕಿಯ ಸೈನ್ಯ ಪೂರ್ತಿ ಹೋಗುವುದಿಲ್ಲ, ಜಾಮೀನಿನ ಹಕ್ಕು ಹಾಗೇ ಉಳಿಯುತ್ತದೆ, ಎಲ್ಲರೂ ತಮ್ಮ ಮನೆಗೆ ಮರಳುವ ಹಾಗಿಲ್ಲ ಎಂದು. ಒಂದು ವಾರದ ನಂತರ, ಮೇ 1ರಂದು, ಸೈಪ್ರಸ್ ಐರೋಪ್ಯ ಒಕ್ಕೂಟ ಸೇರಿತು. ಹೌದು ಎಂದವರು ಹೊರಗುಳಿದರು, ಬೇಡ ಎಂದವರು ಒಳಗೆ ಹೋದರು. ಇದನ್ನು ಟರ್ಕಿಶ್ ಸೈಪ್ರಿಯಟ್ಟರು ಇವತ್ತಿಗೂ ಮರೆತಿಲ್ಲ, ಮರೆಯಬೇಕೆಂದು ಯಾರೂ ಅವರಿಗೆ ಹೇಳುವ ಹಾಗೂ ಇಲ್ಲ.

ಇಷ್ಟರಲ್ಲಿ ಒಡವೆಗೆ ಏನಾಯಿತು? ವರೋಶಾ ಬಗ್ಗೆ ಬರೆಯುವವರೆಲ್ಲ ‘ಕಾಲ ನಿಂತುಹೋದ ಊರು’ ಎನ್ನುತ್ತಾರೆ. ಈ ಮಾತಿಗೆ ಮೂಲವಿದೆ. 1977ರಲ್ಲಿ ಸ್ವೀಡನ್ನಿನ ಪತ್ರಕರ್ತನೊಬ್ಬ ತನ್ನ ದೇಶದ ಶಾಂತಿಪಡೆಯವರ ಬಳಿಗೆ ಬಂದು ಬೇಲಿಯಾಚೆಯ ಊರನ್ನು ನೋಡಿ, ಇದು ದೆವ್ವದ ಊರು ಎಂದು ಬರೆದ. ತಿಂಡಿಯ ಮೇಜು ಹಾಗೇ ಇದೆ, ಒಣಹಾಕಿದ ಬಟ್ಟೆ ಹಾಗೇ ಇದೆ, ದೀಪಗಳು ಇನ್ನೂ ಉರಿಯುತ್ತಿವೆ ಎಂದ. ಜನ ಹೋಗಿ ಮೂರು ವರ್ಷವಾದರೂ ಆರದ ದೀಪಗಳು! ಆ ಚಿತ್ರ ಓದುಗರ ಮನಸ್ಸಿನಲ್ಲಿ ನಿಂತುಬಿಟ್ಟಿತು. ಆದರೆ ಊರು ಹಾಗೆ ಉಳಿಯಲಿಲ್ಲ. ಬೀಗ ಮುರಿದು ಕುರ್ಚಿ, ಮಂಚ, ಫ್ರಿಜ್ಜು ಒಯ್ದರು. ಆಮೇಲೆ ಕಿಟಕಿ, ಬಾಗಿಲು, ಬಚ್ಚಲಿನ ಸಾಮಾನು ಕಿತ್ತರು. ಅಡವಿನ ಪೆಟ್ಟಿಗೆಗೆ ಕಾವಲಿದ್ದದ್ದು ಸೈನ್ಯವೇ, ಹೊರಗಿನ ಕಳ್ಳ ಅಲ್ಲಿಗೆ ನುಗ್ಗುವ ಮಾತೇ ಇರಲಿಲ್ಲ.

ಉಳಿದದ್ದನ್ನು ಸಮುದ್ರ ತಿಂದಿತು. ಕಡಲ ಪಕ್ಕ ಮನೆ ಕಟ್ಟಿಕೊಂಡವರಿಗೆ ಇದು ಗೊತ್ತಿರುವ ವಿಷಯ. ಗಾಳಿಯಲ್ಲಿ ಬರುವ ಉಪ್ಪು ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಇಳಿದು ಒಳಗಿನ ಕಬ್ಬಿಣದ ಸರಳನ್ನು ಮುಟ್ಟುತ್ತದೆ. ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಹಾಗೆ ಉಬ್ಬಿದ ಸರಳು ತನ್ನ ಮೈಮೇಲಿನ ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ. ಸಣ್ಣ ಬಿರುಕು, ಆಮೇಲೆ ಕೆಂಪುಬಣ್ಣದ ಕಲೆ, ಆಮೇಲೆ ಒಂದು ಮಳೆಗಾಲದಲ್ಲಿ ಹೆಂಚಿನಗಲದ ಚಕ್ಕೆ ಕೆಳಕ್ಕೆ. ಜನ ಇರುವ ಮನೆಯಲ್ಲಿ ಮೇಸ್ತ್ರಿ ಕರೆಸಿ ತೇಪೆ ಹಾಕಿಸುತ್ತೇವೆ. ತೇಪೆ ಇಲ್ಲದೆ ದಶಕಗಳು ಕಳೆದರೆ ಮೊದಲು ಬೀಳುವುದು ಬಾಲ್ಕನಿ. ಅದರ ಒಂದು ಬದಿಗೆ ಮಾತ್ರ ಆಧಾರ, ಮೂರು ಬದಿಗೆ ಉಪ್ಪುಗಾಳಿ. ವರೋಶಾದ ಹೋಟೆಲುಗಳ ಮುಖ ಹಲ್ಲುದುರಿದ ಹಾಗೆ ಕಾಣುವುದು ಇದಕ್ಕೇ. ಅಲ್ಲಿನ ಬಹುಪಾಲು ಕಟ್ಟಡಗಳನ್ನು ರಿಪೇರಿ ಮಾಡಲು ಬರುವುದಿಲ್ಲ, ಕೆಡವಲೇಬೇಕು. ಒಡವೆ ಪೆಟ್ಟಿಗೆಯಲ್ಲೇ ಕರಗಿದೆ.

ಮನೆಯೊಳಗೆ ಮರಗಳು ಬೆಳೆದಿವೆ. ಅಂಗಳದ ಬೋಗನ್‌ವಿಲ್ಲಾ ಕತ್ತರಿಸುವವರಿಲ್ಲದೆ ಮಾಡಿನ ಮೇಲೆ ಹಬ್ಬಿದೆ. ಪಾಪಾಸುಕಳ್ಳಿ ಓಣಿಗಳನ್ನೇ ಮುಚ್ಚಿದೆ. ದೀಪವಿಲ್ಲದ, ಗದ್ದಲವಿಲ್ಲದ ದಂಡೆ ಸಿಕ್ಕಿದ್ದರಿಂದ ಕಡಲಾಮೆಗಳು ಬಂದು ಮೊಟ್ಟೆ ಇಟ್ಟವು. ಆಮೆಮರಿ ಮೊಟ್ಟೆಯೊಡೆದು ಬಂದಾಗ ಬೆಳಕಿರುವ ದಿಕ್ಕೇ ಸಮುದ್ರ ಎಂದು ಹೊರಡುತ್ತದೆ. ಹೋಟೆಲಿನ ದೀಪಗಳು ಉರಿಯುತ್ತಿದ್ದರೆ ಅದು ದಾರಿ ತಪ್ಪಿ ರಸ್ತೆ ಕಡೆಗೆ ತೆವಳುತ್ತದೆ.

ಜಾಗ ಯಾರದ್ದು ಎಂಬ ಪ್ರಶ್ನೆಗೆ ಬರೋಣ. ಇದು ತುಸು ತೊಡಕಿನದ್ದು, ಆದರೆ ಇದನ್ನು ಬಿಟ್ಟರೆ ಇವತ್ತಿನ ವರೋಶಾ ಅರ್ಥವಾಗುವುದಿಲ್ಲ. ಸೈಪ್ರಸ್ಸಿನಲ್ಲಿ ಆಸ್ತಿಯ ಹಕ್ಕುಪತ್ರಕ್ಕೆ ‘ಕೊಚಾನ್’ ಎನ್ನುತ್ತಾರೆ. ಆಟೊಮನ್ನರ ಕಾಲದಿಂದ ಬಂದ ಶಬ್ದ. ಗ್ರೀಕರೂ ತಮ್ಮ ಉಚ್ಚಾರದಲ್ಲಿ ಅದನ್ನೇ ಹೇಳುತ್ತಾರೆ, ಟರ್ಕಿಶರೂ ಅದನ್ನೇ. ಎಲ್ಲದರಲ್ಲೂ ಜಗಳವಾಡಿದವರಿಗೆ ಆಸ್ತಿಪತ್ರದ ಹೆಸರು ಮಾತ್ರ ಒಂದೇ. ವರೋಶಾದ ಕೊಚಾನುಗಳು ಬಹುಮಟ್ಟಿಗೆ ಗ್ರೀಕ್ ಸೈಪ್ರಿಯಟ್ಟರ ಹೆಸರಿನಲ್ಲಿವೆ. ಆದರೆ ಟರ್ಕಿಶ್ ಸೈಪ್ರಿಯಟ್ಟರ ಆಡಳಿತವಿರುವ ಉತ್ತರದ ‘ಎವ್ಕಾಫ್’, ಅಂದರೆ ನಮ್ಮ ವಕ್ಫ್ ಮಂಡಳಿಯಂಥ ಸಂಸ್ಥೆ, ಆ ನೆಲವೆಲ್ಲ ಆಟೊಮನ್ ಕಾಲದ ಪಾಷಾಗಳು ಧರ್ಮಕ್ಕೆ ಬಿಟ್ಟದ್ದು, ಬ್ರಿಟಿಷರ ಆಡಳಿತದಲ್ಲಿ ಅಕ್ರಮವಾಗಿ ಕೈ ಬದಲಾಯಿತು ಎನ್ನುತ್ತದೆ. 2005ರಲ್ಲಿ ಉತ್ತರದ ನ್ಯಾಯಾಲಯ ಅದರ ಪರವಾಗಿ ತೀರ್ಪನ್ನೂ ಕೊಟ್ಟಿತು. 1960ರಲ್ಲೇ ಬ್ರಿಟನ್ 15 ಲಕ್ಷ ಪೌಂಡ್ ಕೊಟ್ಟು ಆ ಹಳೆಯ ಲೆಕ್ಕ ಚುಕ್ತಾ ಮಾಡಿದೆ ಎಂಬುದು ಗ್ರೀಕ್ ಕಡೆಯವರ ಉತ್ತರ.

ಇನ್ನೊಂದು ದಾರಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ. ವರೋಶಾದಲ್ಲಿ ಮನೆಯಿದ್ದ ಮಹಿಳೆಯೊಬ್ಬರು ಅಲ್ಲಿ ಟರ್ಕಿಯ ವಿರುದ್ಧ ದಾವೆ ಹೂಡಿ 2005ರಲ್ಲಿ ಗೆದ್ದರು. ಇಂಥ ದೂರುಗಳನ್ನು ಇತ್ಯರ್ಥ ಮಾಡಲು ಸರಿಯಾದ ವ್ಯವಸ್ಥೆ ಮಾಡಿ ಎಂದು ನ್ಯಾಯಾಲಯ ಟರ್ಕಿಗೆ ಹೇಳಿತು. ಹಾಗೆ ಉತ್ತರದಲ್ಲಿ ಸ್ಥಿರಾಸ್ತಿ ಆಯೋಗ ಹುಟ್ಟಿತು. ಅದು ಪರಿಹಾರ ಕೊಡಬಹುದು, ಆಸ್ತಿಗೆ ಬದಲಿ ಆಸ್ತಿ ಕೊಡಬಹುದು, ಆಸ್ತಿಯನ್ನೇ ಹಿಂತಿರುಗಿಸಬಹುದು. 2010ರಲ್ಲಿ ಅದೇ ಐರೋಪ್ಯ ನ್ಯಾಯಾಲಯ, ಮೊದಲು ಆ ಆಯೋಗಕ್ಕೆ ಹೋಗಿ, ಆಮೇಲೆ ನಮ್ಮ ಬಳಿ ಬನ್ನಿ ಎಂದುಬಿಟ್ಟಿತು. ಮನೆ ಕಳಕೊಂಡವರ ಕೊರಳಿಗೆ ಇದು ಉರುಳಾಯಿತು. ಆಯೋಗಕ್ಕೆ ಅರ್ಜಿ ಹಾಕಿದರೆ, ಟರ್ಕಿ ಬಿಟ್ಟು ಜಗತ್ತಿನಲ್ಲಿ ಬೇರೆ ಯಾವ ದೇಶವೂ ಮಾನ್ಯ ಮಾಡದ ಆಡಳಿತವನ್ನು ತಾನು ಒಪ್ಪಿಕೊಂಡಂತೆ ಎಂಬ ಅಳುಕು. ಹಾಕದಿದ್ದರೆ ಹಕ್ಕು ಹಾಗೇ ಜಾರಿಹೋದೀತೆಂಬ ಭಯ. ಮೇಲಿಂದ ನೆರೆಹೊರೆಯವರ ಕಣ್ಣು. ಅರ್ಜಿ ಹಾಕಿದವರನ್ನು ದಕ್ಷಿಣದಲ್ಲಿ ದ್ರೋಹಿ ಎಂದವರೂ ಉಂಟು. ಎಂಬತ್ತು ದಾಟಿದ ಮುದುಕನೊಬ್ಬ ತನ್ನದೇ ಮನೆಗೆ ಅರ್ಜಿ ಹಾಕಲೋ ಬೇಡವೋ ಎಂದು ರಾತ್ರಿ ನಿದ್ದೆಗೆಡುವ ಸ್ಥಿತಿ ಯಾರಿಗೂ ಬರಬಾರದು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1984ರ ಮೇ ತಿಂಗಳಲ್ಲೇ ತನ್ನ 550ನೇ ನಿರ್ಣಯದಲ್ಲಿ ಎರಡು ಮಾತು ಹೇಳಿದೆ. ವರೋಶಾದ ಯಾವುದೇ ಭಾಗದಲ್ಲಿ ಅಲ್ಲಿನ ನಿವಾಸಿಗಳಲ್ಲದವರನ್ನು ನೆಲೆಗೊಳಿಸುವುದನ್ನು ಒಪ್ಪುವುದಿಲ್ಲ ಎಂಬುದು ಒಂದು. ಆ ಪ್ರದೇಶವನ್ನು ವಿಶ್ವಸಂಸ್ಥೆಯ ಆಡಳಿತಕ್ಕೆ ಒಪ್ಪಿಸಬೇಕು ಎಂಬುದು ಇನ್ನೊಂದು. ಮೊದಲ ಮಾತು ಬಹುಕಾಲ ನಡೆಯಿತು. ಎರಡನೆಯದು ಕಾಗದದಲ್ಲೇ ಉಳಿಯಿತು.

2017ರಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್-ಮೊಂಟಾನಾದಲ್ಲಿ ಕೊನೆಯ ದೊಡ್ಡ ಮಾತುಕತೆ ಮುರಿದುಬಿತ್ತು. ಒಂದು ಒಕ್ಕೂಟವಾಗಿ ಸೇರುವ ಮಾತು ಸಾಕು, ಎರಡು ದೇಶಗಳೆಂದು ಒಪ್ಪಿಕೊಳ್ಳಿ ಎಂಬ ಕಡೆಗೆ ಟರ್ಕಿ ವಾಲಿತು. ಹಿಂತಿರುಗಿಸುವ ವಿಚಾರವೇ ಇಲ್ಲ ಎಂದಾದ ಮೇಲೆ ಅಡವಿನ ಒಡವೆಯನ್ನು ಪೆಟ್ಟಿಗೆಯಲ್ಲೇಕೆ ಇಡಬೇಕು? 2020ರ ಅಕ್ಟೋಬರ್ 8ರಂದು, ಉತ್ತರದ ಅಧ್ಯಕ್ಷ ಚುನಾವಣೆಗೆ ಮೂರು ದಿನ ಇರುವಾಗ, ವರೋಶಾದ ದಂಡೆಯ ಒಂದು ಭಾಗವನ್ನೂ ಕೆಲವು ರಸ್ತೆಗಳನ್ನೂ ಸಾರ್ವಜನಿಕರಿಗೆ ತೆರೆದರು. ನವೆಂಬರ್ 15ರಂದು ಟರ್ಕಿಯ ಅಧ್ಯಕ್ಷ ಎರ್ದೊಆನ್ ಅಲ್ಲಿಗೆ ಬಂದರು. 2021ರ ಜುಲೈ 20ರಂದು, ಸೇನೆ ಬಂದಿಳಿದ ದಿನದ ವಾರ್ಷಿಕೋತ್ಸವದಲ್ಲಿ, ಉತ್ತರದ ಆಡಳಿತದವರು ವರೋಶಾದ ಶೇಕಡಾ 3.5ರಷ್ಟು ಭಾಗವನ್ನು ಸೇನಾ ವಲಯದಿಂದ ಬಿಡಿಸುವುದಾಗಿ ಸಾರಿದರು. ಮಾಲೀಕರು ಬರಬಹುದು, ಸ್ಥಿರಾಸ್ತಿ ಆಯೋಗಕ್ಕೆ ಅರ್ಜಿ ಕೊಟ್ಟು ಮನೆ ಪಡೆಯಬಹುದು ಎಂದರು. ನಿವಾಸಿಗಳಲ್ಲದವರನ್ನು ತಾನೇ ಮಂಡಳಿ ಬೇಡ ಎಂದದ್ದು, ನಾವು ಕರೆಯುತ್ತಿರುವುದು ನಿವಾಸಿಗಳನ್ನೇ ಎಂಬ ವಾದ. ಆದರೆ ವಿಶ್ವಸಂಸ್ಥೆಯ ಆಡಳಿತದಡಿ ಬರುವುದಕ್ಕೂ ಉತ್ತರದ ಆಡಳಿತದಡಿ ಬಂದು ತಲೆಬಾಗುವುದಕ್ಕೂ ಇರುವ ಅಂತರವೇ ಈ ಜಗಳದ ತಿರುಳು. ಭದ್ರತಾ ಮಂಡಳಿ ಮೂರೇ ದಿನದಲ್ಲಿ ಈ ಘೋಷಣೆಯನ್ನು ಖಂಡಿಸಿತು. ಬೇಲಿಯ ಪಕ್ಕದಲ್ಲೇ ಹುಟ್ಟಿ ಬೆಳೆದ ಟರ್ಕಿಶ್ ಸೈಪ್ರಿಯಟ್ಟರಲ್ಲಿ ಕೂಡ ಇದಕ್ಕೆ ಬೇಸರಪಟ್ಟವರು ಕಡಿಮೆಯೇನಿಲ್ಲ. ಅವರ ಊರಿನ ಕಡಲತೀರದ ಬದುಕನ್ನು ಆ ಬೇಲಿ ನುಂಗಿತ್ತು. ವರೋಶಾ ಮತ್ತು ಕೋಟೆ ಎರಡನ್ನೂ ಸೇರಿಸಿ ಮತ್ತೆ ಒಂದು ಊರು ಮಾಡೋಣ ಎಂದು ಎರಡೂ ಕಡೆಯ ಫಾಮಗುಸ್ತಾದವರು ವರ್ಷಗಳಿಂದ ಒಟ್ಟಿಗೆ ಕೆಲಸ ಮಾಡುತ್ತ ಬಂದಿದ್ದಾರೆ. 2025ರ ಅಕ್ಟೋಬರಿನಲ್ಲಿ ಉತ್ತರದವರು ಒಕ್ಕೂಟದ ಪರವಿರುವ ತುಫಾನ್ ಎರ್ಹುರ್ಮಾನರನ್ನು ದೊಡ್ಡ ಅಂತರದಿಂದ ಗೆಲ್ಲಿಸಿದರು. ನನಗೆ ಆಸೆ ಹುಟ್ಟಿದ್ದು ಅಲ್ಲಿ.

ಮೊದಲೆಲ್ಲ ವರೋಶಾದವರು ತಮ್ಮ ಊರು ನೋಡಬೇಕೆಂದರೆ ಡೆರಿನಿಯಾ ಹಳ್ಳಿಗೆ ಹೋಗುತ್ತಿದ್ದರು. ಗಡಿಯಂಚಿನ ಮನೆಯ ಮಾಳಿಗೆ ಹತ್ತಿ, ದುಡ್ಡು ಕೊಟ್ಟು, ದುರ್ಬೀನಿನಲ್ಲಿ ತಮ್ಮ ಬೀದಿ ಹುಡುಕುತ್ತಿದ್ದರು. ಈಗ ಒಳಗೇ ಹೋಗಬಹುದು. ಗೇಟಿನ ಬಳಿ ಸೈಕಲ್ಲು, ಎಲೆಕ್ಟ್ರಿಕ್ ಸ್ಕೂಟರು ಬಾಡಿಗೆಗೆ ಸಿಗುತ್ತವೆ. ಡೆಮಾಕ್ರಸಿ ಅವೆನ್ಯೂಗೆ ಹೊಸ ಡಾಂಬರು ಬಿದ್ದಿದೆ. ಅಂಗಡಿಗಳ ಮೇಲೆ ಗ್ರೀಕ್ ಅಕ್ಷರದ ಬೋರ್ಡುಗಳು ಬಣ್ಣ ಮಾಸಿ ಇನ್ನೂ ಇವೆ. ಕಟ್ಟಡಗಳು ಯಾವಾಗ ಕುಸಿಯುತ್ತವೋ ಎಂದು ರಸ್ತೆಯ ಎರಡೂ ಬದಿಗೆ ಹಗ್ಗ ಕಟ್ಟಿದ್ದಾರೆ, ಅದನ್ನು ದಾಟುವಂತಿಲ್ಲ. ಪ್ರವಾಸಿಗರು ಹಗ್ಗದ ಈಚೆ ನಿಂತು ಫೋಟೊ ತೆಗೆಯುತ್ತಾರೆ. ಅವರ ನಡುವೆ ವಯಸ್ಸಾದವರು ಕೆಲವರು ಫೋಟೊ ತೆಗೆಯದೆ ಒಂದೇ ಮನೆಯ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ, ಮೊಮ್ಮಕ್ಕಳಿಗೆ ಬೆರಳು ತೋರಿಸಿ ಅಡುಗೆಮನೆ ಯಾವ ಕಡೆ ಇತ್ತು, ನಿಂಬೆಗಿಡ ಎಲ್ಲಿತ್ತು ಎಂದು ಹೇಳುತ್ತಾರೆ. ಸಂಜೆಯಾಗುತ್ತಿದ್ದ ಹಾಗೆ ಕಾವಲಿನವರು ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಗೇಟು ಮುಚ್ಚುತ್ತದೆ.